12 ವಾರದೊಳಗೆ ಹೆಸರು ಬರೆಸಿ: ಸರಕಾರಿ ಹೆರಿಗೆ ಸೌಲಭ್ಯ ಯಾರಿಗೆ, ಹೇಗೆ?

ಸೊಸೆ ಗರ್ಭಿಣಿ ಎಂದು ತಿಳಿದ ದಿನದಿಂದ ನಮ್ಮ ಕರಾವಳಿಯ ಸಾಮಾನ್ಯ ಮನೆಗಳಲ್ಲಿ ಎರಡು ಲೆಕ್ಕಗಳು ಆರಂಭವಾಗುತ್ತವೆ. ಒಂದು ದಿನಗಳ ಲೆಕ್ಕ, ಇನ್ನೊಂದು ಹಣದ ಲೆಕ್ಕ. ಮೊದಲನೆಯದನ್ನು ಹಿರಿಯರು ಬೆರಳೆಣಿಸಿ ಹೇಳಿಬಿಡುತ್ತಾರೆ. ಎರಡನೆಯದು ರಾತ್ರಿ ಊಟವಾದ ಮೇಲೆ ತಗ್ಗಿದ ದನಿಯಲ್ಲಿ ನಡೆಯುತ್ತದೆ. ಸಹಕಾರಿ ಸಂಘದಲ್ಲಿ ಸಾಲ ಸಿಕ್ಕೀತೇ? ಕರಿಮಣಿ ಬಿಟ್ಟು ಬೇರೆ ಯಾವ ಚಿನ್ನ ಅಡವಿಡಬಹುದು? ಗಲ್ಫಿನಲ್ಲಿರುವ ಭಾವನಿಗೆ ಒಂದು ಮಾತು ಹೇಳಿ ನೋಡೋಣವೇ?

ಈ ಎರಡನೆಯ ಲೆಕ್ಕದ ಬಹುಪಾಲು ಈಗಾಗಲೇ ಪಾವತಿಯಾಗಿದೆ ಎಂಬುದು ಅನೇಕರಿಗೆ ತಿಳಿದಿಲ್ಲ. ನಾವು ಕಟ್ಟುವ ತೆರಿಗೆಯಿಂದಲೇ ಗರ್ಭಿಣಿಯ ತಪಾಸಣೆ, ಹೆರಿಗೆ, ಸಿಸೇರಿಯನ್, ಮಾತ್ರೆ, ರಕ್ತ, ವಾಹನ, ಮಗುವಿನ ಲಸಿಕೆ ಎಲ್ಲವೂ ಉಚಿತವಾಗಿ ದೊರೆಯಬೇಕೆಂದು ನಿಯಮವಿದೆ. ಆದರೆ ಆ ಸೌಲಭ್ಯ ತಾನಾಗಿ ಮನೆ ಬಾಗಿಲಿಗೆ ಬರುವುದಿಲ್ಲ. ಅದು ಒಂದು ಪುಸ್ತಕದಲ್ಲಿ ಬರೆದ ಹೆಸರಿನ ಹಿಂದೆ ಬರುತ್ತದೆ. ಆ ಹೆಸರನ್ನು ಯಾವಾಗ, ಎಲ್ಲಿ ಬರೆಸಬೇಕು ಮತ್ತು ಬರೆಸಿದ ಮೇಲೆ ಏನನ್ನು ಕೇಳಿ ಪಡೆಯಬೇಕು ಎಂಬುದನ್ನು ನಮ್ಮ ವಾಳೆಗಳ ಗುರಿಕಾರರು, ಸ್ತ್ರೀ ಸಂಘಟನೆಯವರು, ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆಯ ಸದಸ್ಯರು ಸರಿಯಾಗಿ ತಿಳಿದಿರಲಿ ಎಂಬುದೇ ಈ ಬರಹದ ಉದ್ದೇಶ.

ಇದು ಕೇವಲ ಹಣ ಉಳಿಸುವ ಮಾತೂ ಅಲ್ಲ. 2004-06ರ ಅವಧಿಯಲ್ಲಿ ಕರ್ನಾಟಕದಲ್ಲಿ ಪ್ರತಿ ಒಂದು ಲಕ್ಷ ಜೀವಂತ ಜನನಗಳಿಗೆ 213 ತಾಯಂದಿರು ಸಾವನ್ನಪ್ಪುತ್ತಿದ್ದರು. 2018-20ರ ವೇಳೆಗೆ ಈ ಸಂಖ್ಯೆ 69ಕ್ಕೆ ಇಳಿಯಿತು. ದೊಡ್ಡ ಸಾಧನೆ, ಸಂದೇಹವಿಲ್ಲ. ಆದರೆ ತಲಪಾಡಿ ಗಡಿಯ ಆಚೆಗಿನ ಕೇರಳದಲ್ಲಿ ಅದೇ ಅವಧಿಯ ಸಂಖ್ಯೆ 19. ಅಲ್ಲಿನ ಮಳೆ, ಮಣ್ಣು, ಮೀನು, ಗಂಜಿ ನಮ್ಮದೇ. ಹಾಗಾದರೆ ನಡುವಿನ 50 ಜೀವಗಳ ಅಂತರಕ್ಕೆ ಕಾರಣವೇನು? ಅದರ ಒಂದು ಭಾಗವಾದರೂ ಸಕಾಲದ ತಪಾಸಣೆ ಮತ್ತು ಸಕಾಲದ ಚಿಕಿತ್ಸೆಯಲ್ಲಿದೆ.

ಮೊದಲ ಮೂರು ತಿಂಗಳ ಮೌನ

ನಮ್ಮಲ್ಲಿ ಒಂದು ಹಳೆಯ ರೂಢಿ ಇದೆ. ಮೂರು ತಿಂಗಳು ತುಂಬುವ ತನಕ ಗರ್ಭದ ವಿಷಯವನ್ನು ಹೊರಗೆ ಹೇಳಬಾರದು. ದೃಷ್ಟಿಯಾಗುತ್ತದೆ ಎಂಬ ಭಯ ಕೆಲವರಿಗೆ, ಗರ್ಭ ನಿಲ್ಲದಿದ್ದರೆ ನಾಲ್ಕು ಜನರಿಗೆ ಉತ್ತರ ಹೇಳಬೇಕಲ್ಲ ಎಂಬ ಸಂಕೋಚ ಇನ್ನು ಕೆಲವರಿಗೆ. ಈ ಸಂಕೋಚವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ನೆರೆಹೊರೆಗೆ ಹೇಳುವುದು ಬೇರೆ, ನರ್ಸಮ್ಮನಿಗೆ ಹೇಳುವುದು ಬೇರೆ. ಆರೋಗ್ಯ ಇಲಾಖೆ ಬಯಸುವ ಮೊದಲ ತಪಾಸಣೆ ಸರಿಯಾಗಿ ಈ ಮೌನದ ಅವಧಿಯೊಳಗೇ, ಅಂದರೆ 12 ವಾರ ತುಂಬುವ ಮೊದಲೇ ಆಗಬೇಕು.

ಯಾಕೆ? ಆ ಹೊತ್ತಿಗೆ ತೆಗೆದ ರಕ್ತದೊತ್ತಡ, ತೂಕ, ಹಿಮೋಗ್ಲೋಬಿನ್ ಮುಂದಿನ ಆರು ತಿಂಗಳಿಗೆ ಅಳತೆಗೋಲು. ಏಳನೆಯ ತಿಂಗಳಲ್ಲಿ ರಕ್ತದೊತ್ತಡ ಹೆಚ್ಚಾಗಿ ಕಂಡರೆ, ಅದು ಮೊದಲೇ ಇತ್ತೇ ಅಥವಾ ಗರ್ಭದಿಂದ ಬಂತೇ ಎಂದು ವೈದ್ಯರು ತೀರ್ಮಾನಿಸಲು ಹಿಂದಿನ ಅಂಕಿ ಬೇಕು. ಮಗುವಿನ ಬೆನ್ನುಹುರಿ ರೂಪುಗೊಳ್ಳುವುದು ಮೊದಲ ವಾರಗಳಲ್ಲೇ. ಅದಕ್ಕೆ ಬೇಕಾದ ಫೋಲಿಕ್ ಆಸಿಡ್ ಮಾತ್ರೆಯನ್ನು ನಾಲ್ಕನೆಯ ತಿಂಗಳಲ್ಲಿ ಆರಂಭಿಸಿದರೆ ಆ ಲಾಭ ಸಿಗುವುದಿಲ್ಲ. ರಕ್ತದ ಗುಂಪು, ಸಕ್ಕರೆ, ಮೂತ್ರ, ಎಚ್‌ಐವಿ, ಸಿಫಿಲಿಸ್ ಪರೀಕ್ಷೆಗಳೂ ಉಚಿತ. ಕೊನೆಯ ಎರಡರ ಹೆಸರು ಕೇಳಿ ಕೆಲವು ಅತ್ತೆಯರು ಮುಖ ಸಿಂಡರಿಸುವುದುಂಟು. ಇವು ಪ್ರತಿ ಗರ್ಭಿಣಿಗೂ ಮಾಡುವ ಪರೀಕ್ಷೆಗಳು, ಯಾರ ನಡತೆಯ ಮೇಲಿನ ಸಂಶಯವೂ ಅಲ್ಲ. ಸೋಂಕು ಮೊದಲೇ ತಿಳಿದರೆ ಮಗುವಿಗೆ ತಗಲದಂತೆ ತಡೆಯುವ ಔಷಧವಿದೆ.

ಹೆಸರು ಬರೆಸುವುದು ಕಷ್ಟದ ಕೆಲಸವಲ್ಲ. ಊರಿನ ಆಶಾ ಕಾರ್ಯಕರ್ತೆಗೆ ಅಥವಾ ಉಪಕೇಂದ್ರದ ಸಿಸ್ಟರಿಗೆ ತಿಳಿಸಿದರೆ ಸಾಕು. 2023ರ ಕೊನೆಯಿಂದ ಹಲವು ಉಪಕೇಂದ್ರ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಫಲಕದಲ್ಲಿ ಆಯುಷ್ಮಾನ್ ಆರೋಗ್ಯ ಮಂದಿರ ಎಂದು ಬರೆದಿದೆ. ಹೆಸರು ಬದಲಾದರೂ ಒಳಗಿನ ಸೇವೆ ಅದೇ. ನಗರದ ಧರ್ಮಕೇಂದ್ರಗಳವರಿಗೆ ನಗರ ಆರೋಗ್ಯ ಕೇಂದ್ರಗಳಿವೆ, 2022ರ ಡಿಸೆಂಬರಿನಿಂದ ಆರಂಭವಾದ ನಮ್ಮ ಕ್ಲಿನಿಕ್‌ಗಳೂ ಇವೆ. ನೋಂದಣಿಯಾದಾಗ ತಾಯಿ ಕಾರ್ಡ್ ಕೊಡುತ್ತಾರೆ, ಅದರಲ್ಲಿ ಗರ್ಭಿಣಿಯ ನೋಂದಣಿ ಸಂಖ್ಯೆ ಇರುತ್ತದೆ. ಈ ಕಾರ್ಡನ್ನು ಪಾಸ್‌ಪೋರ್ಟಿನಂತೆ ಜೋಪಾನ ಮಾಡಬೇಕು. ಖಾಸಗಿ ವೈದ್ಯರ ಬಳಿ ತಪಾಸಣೆ ಮಾಡಿಸಿಕೊಳ್ಳುವವರೂ ಇಲ್ಲಿ ನೋಂದಾಯಿಸಿ ಕಾರ್ಡ್ ಪಡೆಯಬಹುದು, ಪಡೆಯಲೇಬೇಕು. ಕಷ್ಟ ಯಾವ ತಿಂಗಳಲ್ಲಿ ಬರುತ್ತದೆಂದು ಯಾರಿಗೆ ಗೊತ್ತು?

ಆಮೇಲೆ 14ರಿಂದ 26, 28ರಿಂದ 34 ವಾರಗಳ ನಡುವೆ ಮತ್ತು 36 ವಾರದ ಬಳಿಕ, ಹೀಗೆ ಒಟ್ಟು ಕನಿಷ್ಠ ನಾಲ್ಕು ತಪಾಸಣೆಗಳು. ಇದರ ಜೊತೆಗೆ 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ನೇ ತಾರೀಕಿನಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ವೈದ್ಯರಿಂದ ಉಚಿತ ತಪಾಸಣೆ ನಡೆಯುತ್ತದೆ. ನಾಲ್ಕನೆಯ ತಿಂಗಳಿನಿಂದ ಯಾರೂ ಹೋಗಬಹುದು. ಅಪಾಯದ ಲಕ್ಷಣವಿದ್ದವರ ಕಾರ್ಡಿಗೆ ಕೆಂಪು ಚೀಟಿ ಅಂಟಿಸುತ್ತಾರೆ. ಕೆಂಪು ಚೀಟಿ ಕಂಡು ಅಳುವ ಅಗತ್ಯವಿಲ್ಲ. ಹೆರಿಗೆಯ ದಿನ ಯಾವ ಆಸ್ಪತ್ರೆಗೆ ನೇರವಾಗಿ ಹೋಗಬೇಕು ಎಂಬುದನ್ನು ಅಂದೇ ಕೇಳಿ ಬರೆಸಿಕೊಂಡರೆ ಆ ಚೀಟಿಯ ಕೆಲಸ ಆಯಿತು.

ಉಚಿತ ಎಂದರೆ ಏನೇನು?

2011ರ ಜೂನ್ 1ರಂದು ಕೇಂದ್ರ ಸರಕಾರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮವನ್ನು ಜಾರಿಗೆ ತಂದಿತು. ಈ ಹೆಸರನ್ನು ಬಾಯಿಪಾಠ ಮಾಡಿಕೊಳ್ಳಿ, ಆಸ್ಪತ್ರೆಯ ಕಿಟಕಿಯಲ್ಲಿ ಉಪಯೋಗಕ್ಕೆ ಬರುತ್ತದೆ. ಇದರ ಪ್ರಕಾರ ಸರಕಾರಿ ಆಸ್ಪತ್ರೆಯಲ್ಲಿ ಸಹಜ ಹೆರಿಗೆಯೂ ಸಿಸೇರಿಯನ್ ಹೆರಿಗೆಯೂ ಉಚಿತ. ಔಷಧ, ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಬೇಕಾದರೆ ರಕ್ತ, ಸಹಜ ಹೆರಿಗೆಗೆ 3 ದಿನ ಮತ್ತು ಸಿಸೇರಿಯನ್‌ಗೆ 7 ದಿನಗಳ ಊಟ ಉಚಿತ. ಮನೆಯಿಂದ ಆಸ್ಪತ್ರೆಗೆ, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮರಳಿ ಮನೆಗೆ ವಾಹನವೂ ಉಚಿತ. ಹೋಗಲು 108, ಮಗುವಿನೊಡನೆ ಹಿಂದಿರುಗಲು ನಗು-ಮಗು ವಾಹನ. ಕಾಯಿಲೆ ಬಿದ್ದ ನವಜಾತ ಶಿಶುವಿಗೆ ಮೊದಲು 30 ದಿನಗಳವರೆಗೆ ಇದ್ದ ಉಚಿತ ಚಿಕಿತ್ಸೆಯನ್ನು ಬಳಿಕ ಒಂದು ವರ್ಷದವರೆಗೆ ವಿಸ್ತರಿಸಲಾಯಿತು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಈ ಕಾರ್ಯಕ್ರಮಕ್ಕೆ ಬಿಪಿಎಲ್ ಕಾರ್ಡ್ ಬೇಕಿಲ್ಲ. ಆದಾಯದ ಮಿತಿಯಿಲ್ಲ, ಎಷ್ಟನೆಯ ಮಗು ಎಂಬ ಪ್ರಶ್ನೆಯಿಲ್ಲ. ನಮ್ಮಲ್ಲಿ ಹೆಂಚಿನ ಮನೆ, ಅಂಗಳದಲ್ಲಿ ನಾಲ್ಕು ತೆಂಗಿನ ಮರ ಇದ್ದ ಕಾರಣಕ್ಕೆ ಎಪಿಎಲ್ ಪಟ್ಟಿಯಲ್ಲಿರುವ ಅನೇಕ ಕುಟುಂಬಗಳು ತಮಗೆ ಏನೂ ಸಿಗುವುದಿಲ್ಲವೆಂದು ವಿಚಾರಿಸಲೂ ಹೋಗುವುದಿಲ್ಲ. ಬಿಪಿಎಲ್ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಹೆಚ್ಚುವರಿಯಾಗಿ ಸಿಗುವುದು 2005ರ ಜನನಿ ಸುರಕ್ಷಾ ಯೋಜನೆಯ ನಗದು, ನಮ್ಮ ರಾಜ್ಯದಲ್ಲಿ ಹಳ್ಳಿಯವರಿಗೆ 700 ಮತ್ತು ಪೇಟೆಯವರಿಗೆ 600 ರೂಪಾಯಿ.

ಹಾಗಾದರೆ ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆಗೆ ಏನೂ ಖರ್ಚಾಗುವುದಿಲ್ಲವೇ? ಆಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಸರಕಾರಿ ಆಸ್ಪತ್ರೆಗಳಲ್ಲಿ ಒಂದು ಹೆರಿಗೆಗೆ ಕುಟುಂಬ ಕೈಯಿಂದ ಹಾಕಿದ ಹಣ ಸರಾಸರಿ 2,916 ರೂಪಾಯಿ. ಉಚಿತ ಎಂದು ಘೋಷಿಸಿ ಎಂಟು ವರ್ಷಗಳಾದ ಮೇಲಿನ ಲೆಕ್ಕವಿದು. ಹೊರಗಿನಿಂದ ತರಿಸಿದ ಔಷಧ, ಯಂತ್ರ ಕೆಟ್ಟಿದೆಯೆಂದು ಹೊರಗೆ ಮಾಡಿಸಿದ ಸ್ಕ್ಯಾನಿಂಗ್, ಅವಸರದಲ್ಲಿ ಹಿಡಿದ ರಿಕ್ಷಾ, ಜೊತೆಗಿದ್ದವರ ಊಟ ತಿಂಡಿ, ಮಗುವನ್ನು ಕೈಗೆ ಕೊಡುವಾಗ ಯಾರೋ ಚಾಚಿದ ಕೈ. ಈ ಕೊನೆಯದಕ್ಕೆ ನಮ್ಮ ಜನ ಸಂತೋಷಕ್ಕೆ ಕೊಟ್ಟದ್ದು ಎಂದು ಹೆಸರಿಟ್ಟಿದ್ದಾರೆ. ಕೇಳಿ ಪಡೆದದ್ದು ಸಂತೋಷದ್ದಲ್ಲ.

ಔಷಧ ಹೊರಗಿನಿಂದ ತನ್ನಿ ಎಂದು ಚೀಟಿ ಕೊಟ್ಟರೆ ಜಗಳಕ್ಕೆ ನಿಲ್ಲಬೇಡಿ, ಜೀವದ ಪ್ರಶ್ನೆಯಾದರೆ ತಕ್ಷಣ ತಂದುಕೊಡಿ. ಆದರೆ ಚೀಟಿಯ ಒಂದು ಪ್ರತಿಯನ್ನೂ ಬಿಲ್ಲನ್ನೂ ಇಟ್ಟುಕೊಂಡು ಆಸ್ಪತ್ರೆಯ ಆಡಳಿತಾಧಿಕಾರಿಗೆ, ಅಲ್ಲಿ ಉತ್ತರ ಸಿಗದಿದ್ದರೆ ತಾಲೂಕು ಆರೋಗ್ಯಾಧಿಕಾರಿಗೆ ಅಥವಾ ಜಿಲ್ಲಾ ಆರ್‌ಸಿಎಚ್ ಅಧಿಕಾರಿಗೆ ಬರವಣಿಗೆಯಲ್ಲಿ ತಿಳಿಸಿ. ಬಾಯಿಮಾತಿನ ದೂರು ಗಾಳಿಗೆ ಹೋಗುತ್ತದೆ, ಕಾಗದದ ದೂರಿಗೆ ಒಂದು ಸಂಖ್ಯೆ ಬೀಳುತ್ತದೆ.

ತವರಿಗೆ ಹೋಗುವಾಗ

ಚೊಚ್ಚಲ ಹೆರಿಗೆ ತಾಯಿಮನೆಯಲ್ಲಿ ಎಂಬುದು ನಮ್ಮ ಸಂಪ್ರದಾಯ. ಒಳ್ಳೆಯದೇ, ತಾಯಿಯ ಆರೈಕೆಗೆ ಸಮಾನ ಬೇರಿಲ್ಲ. ಆದರೆ ಮಲ್ಪೆಯ ಗಂಡನ ಮನೆಯಲ್ಲಿ ಏಳು ತಿಂಗಳು ಕಳೆದ ಹೆಣ್ಣುಮಗಳು ಬೆಳ್ತಂಗಡಿಯ ತವರಿಗೆ ಹೋದಳು ಎಂದುಕೊಳ್ಳಿ. ಮಲ್ಪೆಯ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಆಕೆ ಊರಲ್ಲಿಲ್ಲ. ಬೆಳ್ತಂಗಡಿಯ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಆಕೆಯ ಹೆಸರೇ ಇಲ್ಲ. ರಕ್ತದೊತ್ತಡ ಏರುವುದು, ಮಗುವಿನ ಚಲನೆ ಕಡಿಮೆಯಾಗುವುದು ಮುಂತಾದ ತೊಂದರೆಗಳು ಕಾಣಿಸಿಕೊಳ್ಳುವ ಕೊನೆಯ ಎರಡು ತಿಂಗಳಲ್ಲೇ ಆಕೆ ಎರಡೂ ಕಡೆಯ ಕಣ್ಣಿನಿಂದ ಮರೆಯಾಗುತ್ತಾಳೆ.

ಪರಿಹಾರ ಸುಲಭ. ಹೊರಡುವ ವಾರದಲ್ಲಿ ಇಲ್ಲಿನ ಆಶಾ ಕಾರ್ಯಕರ್ತೆಗೆ ತಿಳಿಸಿ, ತವರು ತಲುಪಿದ ವಾರದಲ್ಲೇ ಅಲ್ಲಿನವರಿಗೆ ತಾಯಿ ಕಾರ್ಡ್ ತೋರಿಸಬೇಕು. ನೋಂದಣಿ ಸಂಖ್ಯೆ ಒಂದೇ ಆದ್ದರಿಂದ ಹೊಸ ಕಾರ್ಡ್ ಮಾಡಿಸಬೇಕಿಲ್ಲ. ಹಳೆಯ ಸ್ಕ್ಯಾನಿಂಗ್ ವರದಿ, ರಕ್ತ ಪರೀಕ್ಷೆಯ ಚೀಟಿ, ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ಎಲ್ಲವೂ ಒಂದೇ ಚೀಲದಲ್ಲಿ ಇರಲಿ. ರಾತ್ರಿ ಎರಡು ಗಂಟೆಗೆ ಹೊರಡಬೇಕಾದಾಗ ಕಪಾಟು ತಡಕಾಡುವ ಕೆಲಸ ತಪ್ಪುತ್ತದೆ.

ಕೈಗೆ ಬರುವ ಹಣ

ಕೂಲಿ ಮಾಡುವ ಹೆಂಗಸು ಹೆರಿಗೆಯ ಮುಂಚೆ ಮತ್ತು ಅನಂತರ ಕೆಲಸ ಬಿಟ್ಟು ಕುಳಿತರೆ ಆ ದಿನಗಳ ಅನ್ನಕ್ಕೆ ಏನು ಮಾಡಬೇಕು? 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯಲ್ಲಿ ಇದಕ್ಕೆ ಉತ್ತರವಿದೆ. ಸರಕಾರಿ ನೌಕರಿಯಂಥ ಕೆಲಸದಲ್ಲಿ ಹೆರಿಗೆ ಸವಲತ್ತು ಪಡೆಯುವವರನ್ನು ಬಿಟ್ಟು ಪ್ರತಿ ಗರ್ಭಿಣಿಗೂ 6,000 ರೂಪಾಯಿಗೆ ಕಡಿಮೆಯಿಲ್ಲದ ನೆರವು ಸಿಗಬೇಕೆಂದು ಕಾಯಿದೆ ಹೇಳಿತು. 2017ರಲ್ಲಿ ಬಂದ ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆ ಅದನ್ನು 5,000 ರೂಪಾಯಿಗೆ ಇಳಿಸಿ, ಮೊದಲ ಮಗುವಿಗೆ ಮಾತ್ರ ಎಂದು ಸೀಮಿತಗೊಳಿಸಿತು. ಕಾಯಿದೆ ಒಂದು ಹೇಳಿ ಯೋಜನೆ ಇನ್ನೊಂದು ಹೇಳುವುದು ಸರಿಯೇ? ಸರಿಯಲ್ಲವೆಂದೇ ನನ್ನ ಅಭಿಪ್ರಾಯ. ಎರಡನೆಯ ಮಗುವಿನ ತಾಯಿಗೆ ಹಸಿವು ಕಡಿಮೆಯಿರುವುದಿಲ್ಲ.

2022ರಲ್ಲಿ ನಿಯಮ ಸ್ವಲ್ಪ ಬದಲಾಯಿತು. ಮೊದಲ ಮಗುವಿಗೆ 5,000 ರೂಪಾಯಿ ಎರಡು ಕಂತಿನಲ್ಲಿ ಬರುತ್ತದೆ: ಗರ್ಭ ನೋಂದಾಯಿಸಿ ಆರು ತಿಂಗಳೊಳಗೆ ಕನಿಷ್ಠ ಒಂದು ತಪಾಸಣೆಯಾದ ಮೇಲೆ 3,000, ಮಗುವಿನ ಜನನ ನೋಂದಣಿ ಮತ್ತು ಮೊದಲ ಸುತ್ತಿನ ಲಸಿಕೆಗಳಾದ ಮೇಲೆ 2,000. ಎರಡನೆಯದು ಹೆಣ್ಣುಮಗುವಾದರೆ 6,000 ರೂಪಾಯಿ ಒಂದೇ ಕಂತಿನಲ್ಲಿ. ಅರ್ಜಿಯನ್ನು ಅಂಗನವಾಡಿ ಕಾರ್ಯಕರ್ತೆಯ ಮೂಲಕ ಕೊಡಬಹುದು. ಬಿಪಿಎಲ್ ಕಾರ್ಡ್ ಇಲ್ಲದಿದ್ದರೂ ಕುಟುಂಬದ ವಾರ್ಷಿಕ ಆದಾಯ 8 ಲಕ್ಷಕ್ಕಿಂತ ಕಡಿಮೆಯಿದ್ದರೆ, ಅಥವಾ ಇ-ಶ್ರಮ್ ಕಾರ್ಡ್, ಉದ್ಯೋಗ ಖಾತರಿ ಕಾರ್ಡ್, ಕಿಸಾನ್ ಸಮ್ಮಾನ್ ಸೌಲಭ್ಯ ಇದ್ದರೆ ಅರ್ಹತೆ ಇದೆ. ನಮ್ಮ ಧರ್ಮಕೇಂದ್ರಗಳ ಬಹುಪಾಲು ಕುಟುಂಬಗಳು ಇದರಲ್ಲಿ ಯಾವುದಾದರೂ ಒಂದರೊಳಗೆ ಬರುತ್ತವೆ.

ಹಣ ತಪ್ಪುವುದು ಅರ್ಹತೆಯ ಕಾರಣಕ್ಕಿಂತ ಕಾಗದದ ಕಾರಣಕ್ಕೇ ಹೆಚ್ಚು. ಆಧಾರಿನಲ್ಲಿ ತಂದೆಯ ಹೆಸರಿನೊಂದಿಗೆ ಮದುವೆ ಮುಂಚಿನ ಹೆಸರು, ಬ್ಯಾಂಕಿನಲ್ಲಿ ಗಂಡನ ಮನೆಯ ಹೆಸರು. ನಮ್ಮ ಉಪನಾಮಗಳ ಸ್ಪೆಲ್ಲಿಂಗ್ ಅಂತೂ ಒಂದೊಂದು ಕಛೇರಿಯಲ್ಲಿ ಒಂದೊಂದು ರೀತಿ. ಖಾತೆ ಗರ್ಭಿಣಿಯ ಸ್ವಂತ ಹೆಸರಿನಲ್ಲಿರಬೇಕು, ಅದಕ್ಕೆ ಆಧಾರ್ ಜೋಡಣೆಯಾಗಿರಬೇಕು. ಅತ್ತೆಯ ಖಾತೆ, ಗಂಡನ ಖಾತೆ ನಡೆಯುವುದಿಲ್ಲ. ಮದುವೆಯಾದ ತಿಂಗಳಲ್ಲೇ ಇದನ್ನು ಸರಿಪಡಿಸಿಕೊಂಡರೆ ಉತ್ತಮ. ಮದುವೆ ತಯಾರಿ ಶಿಬಿರದಲ್ಲಿ ಅರ್ಧ ಗಂಟೆ ಇದಕ್ಕೆ ಕೊಟ್ಟರೆ ಯಾರಿಗೂ ನಷ್ಟವಿಲ್ಲ. ಹೊಸ ನಿಯಮದಲ್ಲಿ ಗಂಡನ ಆಧಾರ್ ಕಡ್ಡಾಯವಲ್ಲ ಎಂಬುದೂ ನೆನಪಿರಲಿ. ಗಂಡ ಬಿಟ್ಟುಹೋದವಳು, ವಿಧವೆ, ಮದುವೆಯಾಗದೆ ತಾಯಿಯಾಗಲಿರುವವಳು ಇವರಿಗೇ ಈ ನೆರವು ಎಲ್ಲರಿಗಿಂತ ಹೆಚ್ಚು ಬೇಕಾದದ್ದು. ಅಂಥವರು ಅಂಗನವಾಡಿಗೆ ಹೋಗಲು ಹಿಂಜರಿದರೆ ನಮ್ಮ ಧರ್ಮಭಗಿನಿಯರೋ ಸ್ತ್ರೀ ಸಂಘಟನೆಯ ಸೋದರಿಯರೋ ಪ್ರಶ್ನೆ ಕೇಳದೆ ಜೊತೆಗೆ ಹೋಗಲಿ.

ಗೇರುಬೀಜ ಕಾರ್ಖಾನೆಗಳಲ್ಲಿ ದುಡಿಯುವ ಸೋದರಿಯರಿಗೆ ಇನ್ನೊಂದು ಮಾತು. ನಿಮ್ಮ ಸಂಬಳದಲ್ಲಿ ಇಎಸ್‌ಐ ಕಡಿತವಾಗುತ್ತಿದ್ದರೆ ಮೊದಲ ಎರಡು ಹೆರಿಗೆಗಳಿಗೆ 26 ವಾರಗಳ ವೇತನ ಸಮೇತ ರಜೆ ನಿಮ್ಮ ಹಕ್ಕು. ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ ಒಟ್ಟು 70 ದಿನಗಳ ವಂತಿಗೆ ಬಿದ್ದಿರಬೇಕು. ಗರ್ಭಿಣಿಯೆಂದು ತಿಳಿದೊಡನೆ ಮೇಸ್ತ್ರಿಗೆ ಹೇಳಿ ಕೆಲಸ ಬಿಟ್ಟು ಬರುವುದಕ್ಕಿಂತ ಮೊದಲು ಈ ಲೆಕ್ಕವನ್ನು ವಿಚಾರಿಸಿ.

ಸರಕಾರಿ ಆಸ್ಪತ್ರೆಯ ಭಯ

ಸರಕಾರಿ ಆಸ್ಪತ್ರೆಗೆ ಹೋದರೆ ಜನ ಏನೆನ್ನುತ್ತಾರೆ? ಈ ಪ್ರಶ್ನೆ ಅನೇಕ ಮನೆಗಳಲ್ಲಿ ಸಾಲದ ಮೂಲ. ಮಂಗಳೂರಿನ ಲೇಡಿಗೋಷನ್ ಆಸ್ಪತ್ರೆ 1849ರಿಂದ ಇದೆ. ಇಂದು ಅಲ್ಲಿ ಹೆರಿಗೆ ಮಾಡಿಸುವವರಲ್ಲಿ ವೈದ್ಯಕೀಯ ಕಾಲೇಜಿನ ತಜ್ಞರೂ ಇದ್ದಾರೆ. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ದಾನ ಕೊಟ್ಟ ಜಾಗದಲ್ಲಿ ತಾಯಿ ಮತ್ತು ಮಕ್ಕಳ ಸರಕಾರಿ ಆಸ್ಪತ್ರೆಯಿದೆ. ಇಕ್ಕಟ್ಟು ಇದೆ, ಕಾಯಬೇಕಾಗುತ್ತದೆ, ಕೆಲವೊಮ್ಮೆ ಗಡುಸು ಮಾತೂ ಕೇಳಬೇಕಾಗುತ್ತದೆ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಭಯಕ್ಕೆ ನಿಜವಾದ ಕಾರಣಗಳೂ ಇವೆ. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಅವರಿಗೆ ಏರಿಸಿದ ಡ್ರಿಪ್ ದ್ರಾವಣದ ಗುಣಮಟ್ಟದ ಮೇಲೆ ಸಂಶಯ ಬಂದು ರಾಜ್ಯ ಸರಕಾರ ಆ ದ್ರಾವಣದ ಬಳಕೆಯನ್ನು ನಿಲ್ಲಿಸಿ ತನಿಖೆಗೆ ಮುಂದಾಯಿತು. ಆ ಮನೆಗಳಲ್ಲಿ ತೊಟ್ಟಿಲು ಇದೆ, ತಾಯಿ ಇಲ್ಲ. ಬಡವರ ಆಸ್ಪತ್ರೆಯನ್ನು ಬಡವರು ಮಾತ್ರ ಬಳಸಿದರೆ ಅದರ ಔಷಧದ ಗುಣಮಟ್ಟವನ್ನು ಪ್ರಶ್ನಿಸುವ ದನಿ ಯಾವುದು? ಪದವಿ ಇರುವವರು, ಅರ್ಜಿ ಬರೆಯಬಲ್ಲವರು ಆ ಸಾಲಿನಲ್ಲಿ ನಿಂತಾಗಲೇ ಅಲ್ಲಿ ಬದಲಾವಣೆ ಬರುತ್ತದೆ.

ಖಾಸಗಿಯಲ್ಲಿ ಅಪಾಯವಿಲ್ಲ ಎಂಬ ನಂಬಿಕೆಯನ್ನೂ ಸ್ವಲ್ಪ ತೂಗಿ ನೋಡಬೇಕು. 2019-21ರ ಅದೇ ಸಮೀಕ್ಷೆಯ ಪ್ರಕಾರ ದೇಶದ ಸರಕಾರಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಸಿಸೇರಿಯನ್ ಪ್ರಮಾಣ ಶೇ. 14.3, ಖಾಸಗಿಯಲ್ಲಿ ಶೇ. 47.4. ಕಷ್ಟದ ಹೆರಿಗೆಗಳು ಖಾಸಗಿಗೆ ಹೆಚ್ಚು ಹೋಗುತ್ತವೆ ಎಂದು ಒಪ್ಪಿಕೊಂಡರೂ ಮೂರು ಪಟ್ಟಿಗಿಂತ ಹೆಚ್ಚಿನ ಈ ವ್ಯತ್ಯಾಸಕ್ಕೆ ಅದೊಂದೇ ಕಾರಣವಿರಲಾರದು. ನಮ್ಮ ಧರ್ಮಸಭೆಯ ಆಸ್ಪತ್ರೆಗಳು ಬಡವರಿಗೆ ರಿಯಾಯಿತಿ ಕೊಡುತ್ತವೆ, ಆ ಸೇವೆಗೆ ನಾವು ಋಣಿಗಳು. ಆದರೆ ರಿಯಾಯಿತಿಗೆ ಒಬ್ಬರ ಶಿಫಾರಸು ಬೇಕು, ಒಬ್ಬರ ಮುಂದೆ ನಿಂತು ಕೇಳಬೇಕು. ಹಕ್ಕಿಗೆ ತಾಯಿ ಕಾರ್ಡ್ ಸಾಕು. ಚರ್ಚಿನಿಂದ ಶಿಫಾರಸು ಪತ್ರ ಕೇಳಿ ಬರುವವರಿಗೆ ಪತ್ರ ಬರೆಯುವ ಮುನ್ನ ನಾವು ಧರ್ಮಗುರುಗಳು ಕೇಳಬೇಕಾದ ಮೊದಲ ಪ್ರಶ್ನೆ: ನೋಂದಣಿ ಆಗಿದೆಯೇ?

ರಕ್ತಹೀನತೆ

ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರಲ್ಲಿ ಶೇ. 52.2ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿದೆ. ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಾದರೆ ರಕ್ತಹೀನತೆ, 7ಕ್ಕಿಂತ ಕಡಿಮೆಯಾದರೆ ತೀವ್ರ. ಹೆರಿಗೆಯಲ್ಲಿ ರಕ್ತ ಹೋಗುವುದು ಸಹಜ. 12 ಗ್ರಾಂ ಇರುವವಳು ತಡೆದುಕೊಳ್ಳುವ ರಕ್ತಸ್ರಾವವನ್ನು 7 ಗ್ರಾಂ ಇರುವವಳು ತಡೆದುಕೊಳ್ಳಲಾರಳು. ಆ ರಾತ್ರಿ ರಕ್ತದ ಬಾಟಲಿಗಾಗಿ ಯುವಜನ ಸಂಘದವರಿಗೆಲ್ಲ ಫೋನ್ ಮಾಡುತ್ತೇವೆ. ಐದು ತಿಂಗಳ ಹಿಂದೆ ಉಚಿತವಾಗಿ ಕೊಟ್ಟ ಮಾತ್ರೆ ಕಪಾಟಿನಲ್ಲಿ ಹಾಗೇ ಉಳಿದಿರುತ್ತದೆ.

ಹೌದು, ಮಾತ್ರೆಯೇ ದೊಡ್ಡ ಸಮಸ್ಯೆ. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ಬಳಿಕ ಮತ್ತೆ 180 ದಿನ ಕಬ್ಬಿಣಾಂಶದ ಮಾತ್ರೆ ತೆಗೆದುಕೊಳ್ಳಬೇಕು. ದೇಶದಲ್ಲಿ ಗರ್ಭಿಣಿಯಾಗಿದ್ದಾಗ 180 ದಿನ ಪೂರ್ತಿ ತೆಗೆದುಕೊಂಡವರು ಶೇ. 26 ಮಾತ್ರ. ವಾಕರಿಕೆ, ಮಲಬದ್ಧತೆ, ಮಲ ಕಪ್ಪಾಗುವುದು ಇವುಗಳಿಗೆ ಹೆದರಿ ಬಿಡುತ್ತಾರೆ. ಮಗು ಕಪ್ಪಾಗುತ್ತದೆ ಎಂಬ ಮಾತೂ ಕೇಳಿಬರುತ್ತದೆ, ಅದಕ್ಕೆ ಯಾವ ಆಧಾರವೂ ಇಲ್ಲ. ರಾತ್ರಿ ಊಟದ ಬಳಿಕ ಮಲಗುವ ಮುನ್ನ ನುಂಗಿದರೆ ವಾಕರಿಕೆ ಕಡಿಮೆ. ಚಹಾ, ಕಾಫಿ, ಹಾಲಿನೊಂದಿಗೆ ಬೇಡ. ಲಿಂಬೆ ಶರಬತ್ತಿನೊಂದಿಗೆ ಒಳ್ಳೆಯದು. ಕ್ಯಾಲ್ಸಿಯಂ ಮಾತ್ರೆಯನ್ನೂ ಇದರ ಜೊತೆಯಲ್ಲೇ ನುಂಗಬಾರದು, ಎರಡರ ನಡುವೆ ಕೆಲವು ಗಂಟೆಗಳ ಅಂತರವಿರಲಿ. ಮಾತ್ರೆಯಿಂದ ಏರದಿದ್ದರೆ ಆಸ್ಪತ್ರೆಯಲ್ಲಿ ಕಬ್ಬಿಣಾಂಶವನ್ನು ಡ್ರಿಪ್ ಮೂಲಕ ಕೊಡುವ ವ್ಯವಸ್ಥೆಯಿದೆ.

ಬಂಗುಡೆ, ಬೂತಾಯಿ, ನುಗ್ಗೆಸೊಪ್ಪು, ಬಸಳೆ, ಹುರುಳಿ, ಮೊಟ್ಟೆ ಇವು ನಮ್ಮ ಅಡುಗೆಮನೆಯಲ್ಲೇ ಇವೆ. ಗರ್ಭಿಣಿಗೆ ಮೀನು ಬೇಡ, ಬಾಣಂತಿಗೆ ನೀರು ಬೇಡ ಎನ್ನುವ ಅಜ್ಜಿಯಂದಿರ ಪ್ರೀತಿಗೆ ನಮಸ್ಕಾರ, ಆದರೆ ಈ ಪಥ್ಯವನ್ನು ವೈದ್ಯರು ಒಪ್ಪುವುದಿಲ್ಲ. 2017ರ ಅಕ್ಟೋಬರಿನಲ್ಲಿ ರಾಜ್ಯಾದ್ಯಂತ ಜಾರಿಯಾದ ಮಾತೃಪೂರ್ಣ ಯೋಜನೆ ಗರ್ಭಿಣಿ ಮತ್ತು ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಕೊಡುವ ಉದ್ದೇಶದ್ದು. ಬಯಲುಸೀಮೆಯ ಒಟ್ಟಾಗಿರುವ ಹಳ್ಳಿಗೆ ಅದು ಸರಿಹೊಂದಬಹುದು. ಗುಡ್ಡಕ್ಕೊಂದು ತೋಟಕ್ಕೊಂದು ಮನೆಯಿರುವ ನಮ್ಮ ಊರಿನಲ್ಲಿ ತುಂಬು ಗರ್ಭಿಣಿ ಒಂದು ಊಟಕ್ಕಾಗಿ ದಿನಾ ಸಂಕ ದಾಟಿ ಹೋಗಿ ಬರುವುದು ಸುಲಭವಲ್ಲ. ಆದರೂ ಅಂಗನವಾಡಿಯಲ್ಲಿ ಹೆಸರಿರಲಿ.

ಮಗು ಬಂದ ಮೇಲೆ

ಹೆರಿಗೆಯಾಯಿತು, ಗಂಡಾಂತರ ಕಳೆಯಿತು ಎಂದು ನಿಟ್ಟುಸಿರು ಬಿಡುವ ಸಮಯವಲ್ಲ. ಎಳೆಯ ಮಕ್ಕಳ ಸಾವುಗಳಲ್ಲಿ ಹೆಚ್ಚಿನವು ಮೊದಲ ತಿಂಗಳಲ್ಲೇ ಆಗುತ್ತವೆ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬಂದು ಮಗುವಿನ ತೂಕ, ಉಷ್ಣತೆ ನೋಡಬೇಕು. ಬಾಣಂತಿಕೋಣೆಗೆ ಹೊರಗಿನವರು ಬರಬಾರದೆಂದು ಜಗಲಿಯಿಂದಲೇ ಕಳುಹಿಸಬೇಡಿ. ಮಗು ಹಾಲು ಚೀಪದಿದ್ದರೆ, ಮೈ ಸುಟ್ಟರೆ ಅಥವಾ ತಣ್ಣಗಾದರೆ, ಉಸಿರಾಟ ನಿಮಿಷಕ್ಕೆ 60 ದಾಟಿದರೆ, ಎದೆ ಒಳಸೆಳೆದರೆ, ಅಂಗೈ ಅಂಗಾಲು ಹಳದಿಯಾದರೆ, ಫಿಟ್ಸ್ ಬಂದರೆ ಬೆಳಗಾಗಲಿ ಎಂದು ಕಾಯಬಾರದು. ಮೊದಲ ಗಿಣ್ಣುಹಾಲನ್ನು ಚೆಲ್ಲುವುದು, ಜೇನು ನೆಕ್ಕಿಸುವುದು ಎರಡೂ ಬೇಡ. ಜೇನು ಒಂದು ವರ್ಷದೊಳಗಿನ ಮಗುವಿಗೆ ಅಪಾಯಕಾರಿ. ಆರು ತಿಂಗಳು ತಾಯಿಯ ಹಾಲು ಮಾತ್ರ, ರಾಗಿಮಣ್ಣಿ ಅದರ ಅನಂತರ.

ಲಸಿಕೆಗಳ ಪಟ್ಟಿ ತಾಯಿ ಕಾರ್ಡಿನಲ್ಲೇ ಇದೆ: ಹುಟ್ಟಿದಾಗ, 6, 10, 14 ವಾರಗಳಲ್ಲಿ, 9 ತಿಂಗಳಲ್ಲಿ, ಒಂದೂವರೆ ವರ್ಷದ ಹೊತ್ತಿಗೆ. ಹಿಂದೆ ಖಾಸಗಿಯಲ್ಲಿ ಮಾತ್ರ ಸಿಗುತ್ತಿದ್ದ ರೋಟಾವೈರಸ್ ಮತ್ತು ನ್ಯುಮೋನಿಯಾ ತಡೆಯುವ ನ್ಯುಮೋಕಾಕಲ್ ಲಸಿಕೆಗಳು ಈಗ ಸರಕಾರಿ ಕೇಂದ್ರದಲ್ಲೇ ಉಚಿತ. ಹೊರಗೆ ನ್ಯುಮೋಕಾಕಲ್ ಲಸಿಕೆಯ ಒಂದೊಂದು ಡೋಸಿಗೆ ಸಾವಿರಾರು ರೂಪಾಯಿ.

ಮಗುವನ್ನು ಐಸಿಯುನಲ್ಲಿ ಇಡಬೇಕಾಗಿ ಬಂದು ಸರಕಾರಿ ಆಸ್ಪತ್ರೆಯಲ್ಲಿ ಜಾಗವಿಲ್ಲದಿದ್ದರೆ? ಕುಟುಂಬಗಳು ನೆಲಕಚ್ಚುವುದು ಇಲ್ಲಿಯೇ. 2018ರಿಂದ ಇರುವ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಡಿ ನೋಂದಾಯಿತ ಖಾಸಗಿ ಆಸ್ಪತ್ರೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ, ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇ. 30ರಷ್ಟು ನೆರವು ಇದೆ. ತುರ್ತು ಸ್ಥಿತಿಯನ್ನು ಬಿಟ್ಟರೆ ಸರಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಗಾಬರಿಯಲ್ಲಿ ನೇರವಾಗಿ ದೊಡ್ಡ ಆಸ್ಪತ್ರೆಗೆ ಓಡಿ, ಮುಂಗಡ ಕಟ್ಟಿ, ಮೂರನೆಯ ದಿನ ಯೋಜನೆಯ ನೆನಪಾದರೆ ತಡವಾಗಿರುತ್ತದೆ. ಸೇರಿಸುವಾಗಲೇ ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಕಂಡು ಮಾತನಾಡಿ.

ಜನನ ನೋಂದಣಿಯನ್ನು 21 ದಿನಗಳೊಳಗೆ ಮಾಡಿಸಿದರೆ ಶುಲ್ಕವಿಲ್ಲ. ಮಗುವಿನ ಹೆಸರು ತೀರ್ಮಾನವಾಗಿಲ್ಲವೆಂದು ಕಾಯಬೇಕಿಲ್ಲ, ಒಂದು ವರ್ಷದೊಳಗೆ ಹೆಸರನ್ನು ಉಚಿತವಾಗಿ ಸೇರಿಸಬಹುದು. ಜ್ಞಾನಸ್ನಾನದ ಪತ್ರ ಚರ್ಚಿನ ದಾಖಲೆ. ಮಾತೃ ವಂದನಾದ ಎರಡನೆಯ ಕಂತಿಗಾಗಲಿ ಶಾಲೆಗಾಗಲಿ ಅದು ಜನನ ಪ್ರಮಾಣಪತ್ರದ ಬದಲಿಗೆ ನಿಲ್ಲುವುದಿಲ್ಲ. 2023ರ ಅಕ್ಟೋಬರ್ 1ರ ಬಳಿಕ ಹುಟ್ಟಿದವರಿಗೆ ಜನನ ಪ್ರಮಾಣಪತ್ರವೇ ಹುಟ್ಟಿದ ದಿನ ಮತ್ತು ಸ್ಥಳದ ಪುರಾವೆ. ಜ್ಞಾನಸ್ನಾನಕ್ಕೆ ಹೆಸರು ಕೊಡಲು ಬಂದ ತಂದೆತಾಯಿಯರನ್ನು ಚರ್ಚ್ ಕಛೇರಿಯಲ್ಲೇ ಇದರ ಬಗ್ಗೆ ಕೇಳಬಹುದಲ್ಲವೇ?

ಬಾಡಿಗೆ ಕೋಣೆಗಳ ತಾಯಂದಿರು

ಕೊನೆಯದಾಗಿ, ನಮ್ಮ ವಾಳೆಗಳ ಗಡಿಯೊಳಗೇ ಇದ್ದು ನಮ್ಮ ಯಾವ ಪಟ್ಟಿಯಲ್ಲೂ ಇಲ್ಲದವರ ವಿಷಯ. ಕೊಪ್ಪಳ, ಬಾಗಲಕೋಟೆ, ವಿಜಯಪುರಗಳಿಂದ ಕಟ್ಟಡ ಕೆಲಸಕ್ಕೆ ಬಂದವರು, ಜಾರ್ಖಂಡ್, ಒಡಿಶಾಗಳಿಂದ ಮೀನುಗಾರಿಕೆಗೆ, ತೋಟಕ್ಕೆ ಬಂದವರು. ಇವರ ಹೆಂಗಸರು ಬಸುರಿಯಾದರೆ ಅನೇಕ ಬಾರಿ ಎಂಟನೆಯ ತಿಂಗಳ ತನಕ ಕಲ್ಲು ಹೊರುತ್ತಾರೆ. ರೇಷನ್ ಕಾರ್ಡ್ ಊರಲ್ಲಿದೆ, ಇಲ್ಲಿ ಯಾರು ಕೇಳುತ್ತಾರೆ ಎಂಬ ಭಾವನೆ.

ತಪಾಸಣೆಗೆ, ಹೆರಿಗೆಗೆ, ಲಸಿಕೆಗೆ ಇಲ್ಲಿನ ವಿಳಾಸದ ಪುರಾವೆ ಬೇಕಿಲ್ಲ. ಆಧಾರ್ ಇಲ್ಲವೆಂದು ನೋವು ತಿನ್ನುತ್ತಿರುವವಳನ್ನು ಹಿಂದಕ್ಕೆ ಕಳುಹಿಸುವಂತಿಲ್ಲ. ಬೇರೆ ರಾಜ್ಯದ ಕಾರ್ಡ್ ಇದ್ದರೆ ಅದನ್ನೇ ಮುಂದುವರಿಸಬಹುದು, ಇಲ್ಲದಿದ್ದರೆ ಹೊಸದಾಗಿ ನೋಂದಾಯಿಸಬಹುದು. ಇವರಿಗೆ ಭಾಷೆ ತಿಳಿಯದು, ಉಪಕೇಂದ್ರ ಎಲ್ಲಿದೆಯೆಂದು ಗೊತ್ತಿಲ್ಲ, ಒಂದು ದಿನದ ಕೂಲಿ ಬಿಡುವುದು ಕಷ್ಟ. ಮನೆ ಬಾಡಿಗೆಗೆ ಕೊಟ್ಟ ನಮ್ಮವರು, ಕೆಲಸ ಕೊಟ್ಟ ನಮ್ಮವರು ಒಂದು ದಿನದ ಸಂಬಳ ಹಿಡಿಯದೆ ಆಕೆಯನ್ನು 9ನೇ ತಾರೀಕಿನಂದು ಆಸ್ಪತ್ರೆಗೆ ಕಳುಹಿಸಿದರೆ ಸಾಕು. ಗುರಿಕಾರರು ಕುಟುಂಬಗಳ ಪಟ್ಟಿ ಪರಿಷ್ಕರಿಸಲು ಮನೆಮನೆಗೆ ಹೋಗುವಾಗ ಹಿಂಬದಿಯ ಬಾಡಿಗೆ ಕೋಣೆಗಳ ಬಾಗಿಲನ್ನೂ ತಟ್ಟಲಿ, ಗರ್ಭಿಣಿಯರಿದ್ದರೆ ಅಂದೇ ಆಶಾ ಕಾರ್ಯಕರ್ತೆಗೆ ಫೋನ್ ಮಾಡಲಿ.